ಎಲ್ಲರೂ ತಲೆ ಬಗ್ಗಿಸಿದ ಫೋಟೋ

ಫೋಟೋ ತೆಗೆಯುವುದರಲ್ಲಿ ಏನಿದೆ? ಡಬ್ಬ ಹಿಡಿಯಬೇಕು, ಗುಂಡಿ ಒತ್ತಬೇಕು. ಹಾಲು ಉಕ್ಕದಂತೆ ಕಾಯುವುದು ಇದಕ್ಕಿಂತ ಕಷ್ಟ! ನಾನು ಹಾಗಂತಲೇ ತಿಳಿದಿದ್ದೆ. ಹಾಗೆ ತಿಳಿದದ್ದರಿಂದಲೇ ನನ್ನ ಮಗಳ ಮದುವೆ ಮುರಿದುಬೀಳುವುದರಲ್ಲಿತ್ತು.

ನಮ್ಮ ಕೊಳ್ಳೇಗಾಲ ಮದ್ರಾಸು ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷವಾಗಿತ್ತು. ಮೈಸೂರು ಪಟ್ಟಣದಲ್ಲಿ ಸಂಬಳದ ಕೆಲಸಕ್ಕಿದ್ದ ನನ್ನ ತಮ್ಮ ಮಾದೇವ ಹಬ್ಬಕ್ಕೆ ಬಂದವನು ತನ್ನ ಕ್ಯಾಮರಾವನ್ನು ನಮ್ಮ ಮನೆಯಲ್ಲಿ ಬಿಟ್ಟುಹೋದ. ಬಿಟ್ಟುಹೋದೆ ಅನ್ನುವುದು ಅವನ ಮಾತು. ನಾನು ಕಿತ್ತಿಟ್ಟುಕೊಂಡೆ ಅನ್ನುವುದು ನಿಜ.

ಆಗ ನನ್ನ ಮಗಳು ರತ್ನಳಿಗೆ ಯಳಂದೂರಿನಿಂದ ಒಂದು ಸಂಬಂಧ ಬಂದಿತ್ತು. ನಮ್ಮ ಹಾಗೆಯೇ ರೇಷ್ಮೆ ಸೀರೆ ನೇಯುವ ಮನೆ. ಹುಡುಗನ ತಾಯಿ ಗೌರಮ್ಮ, ಮೊದಲು ಹುಡುಗಿಯ ಫೋಟೋ ಕಳಿಸಿ, ಆಮೇಲೆ ಬರುತ್ತೇವೆ ಎಂದು ಹೇಳಿಕಳಿಸಿದ್ದರು. ಅದಕ್ಕೆ ಮುಂಚೆ ಬಂದ ಗಂಡುಗಳನ್ನು ರತ್ನಳೇ ಓಡಿಸಿದ್ದಳು. ಒಬ್ಬನಿಗೆ "ಅಂಗಿ ಗುಂಡಿ ತಪ್ಪಾಕಂಡಿದ್ದೀರಿ" ಎಂದಳು. ಇನ್ನೊಬ್ಬನ ತಂದೆ ಒಂದು ಹಾಡು ಹೇಳಮ್ಮ ಅಂದಾಗ "ಮೊದ್ಲು ನೀವೇಳಿ" ಎಂದಳು. ಇದೂ ತಪ್ಪಿಹೋದರೆ ಇನ್ನು ನಿಮ್ಮ ಹೊಸ್ತಿಲಿಗೆ ಯಾರನ್ನೂ ಕರೆತರುವುದಿಲ್ಲ ಎಂದು ಮಧ್ಯಸ್ಥ ನಂಜಣ್ಣ ಕೈಮುಗಿದುಬಿಟ್ಟಿದ್ದ.

"ಸ್ಟುಡಿಯೋಗೆ ಕರ್ಕಂಡೋಗು" ಎಂದರು ನಮ್ಮನೆಯವರು, ಮಗ್ಗದಿಂದ ತಲೆ ಎತ್ತದೆ.

"ಮನೇಲೇ ಕ್ಯಾಮರಾ ಮಡೀಕಂಡು ಸ್ಟುಡಿಯೋಗ್ಯಾಕೆ?"

"ನಿಂಗೆ ಬತ್ತದಾ ಅದು?"

"ಮಾದೇವಂಗೆ ಬತ್ತದೆ. ಅವ್ನ ಮೂಗೊರಸ್ದೋಳು ನಾನು. ನಂಗೆ ಬರಾಕಿಲ್ವಾ?"

ಅವರು ಲಾಳಿ ಎಳೆದರು. ಅದೇ ಒಪ್ಪಿಗೆ ಅಂದುಕೊಂಡೆ.

ಆ ಕ್ಯಾಮರಾ ಕಣ್ಣಿಗೆ ಹಿಡಿಯುವ ಜಾತಿಯದಲ್ಲ. ಹೊಟ್ಟೆಯ ಹತ್ತಿರ ಹಿಡಿದುಕೊಂಡು, ಮೇಲಿನ ಗಾಜಿನೊಳಕ್ಕೆ ತಲೆ ಬಗ್ಗಿಸಿ ನೋಡಬೇಕು. ಗಾಜಿನಲ್ಲಿ ಮನುಷ್ಯರು ಸಾಸಿವೆ ಕಾಳಿನಷ್ಟು ಕಾಣುತ್ತಾರೆ. ನನ್ನ ಕಣ್ಣಿಗೆ ಅಷ್ಟೂ ಕಾಣುತ್ತಿರಲಿಲ್ಲ.

ಮಗಳ ಮುಖ ಎಲ್ಲಿಗೂ ಓಡುವುದಿಲ್ಲ, ಮೊದಲು ಕೈ ಪಳಗಲಿ ಎಂದು ಮನೆಯ ಹಳೆಯ ಸಾಮಾನು ಹಿಡಿದೆ. ಅತ್ತೆಯ ಕಾಲದ ಬೀಸೋಕಲ್ಲು. ರಾಗಿ ತುಂಬುವ ಆಳೆತ್ತರದ ಮಣ್ಣಿನ ವಾಡೆ. ಮೈಯೆಲ್ಲ ತೇಪೆಯಾದ ತಾಮ್ರದ ಹಂಡೆ. ಅಷ್ಟರಲ್ಲಿ ಒಂದು ಮೇಕೆ ಬಾವಿಕಟ್ಟೆಯ ಮೇಲೆ ನಾಲ್ಕು ಕಾಲೂ ಜೋಡಿಸಿ ನಿಂತಿತು. ಅದನ್ನು ಬಿಡುವುದುಂಟೇ! ಶಾಗ್ಯದಲ್ಲಿದ್ದ ನಾದಿನಿಯ ಮನೆಗೆ ಹೋಗಿ ಅವರ ಸಂಸಾರವನ್ನೆಲ್ಲ ಸಾಲಾಗಿ ನಿಲ್ಲಿಸಿ ತೆಗೆದೆ. ಪಕ್ಕದ ಮನೆ ಸಿದ್ದಮ್ಮನನ್ನೂ ತೆಗೆದೆ. ಕೊನೆಗೆ ಫಿಲಂನಲ್ಲಿ ಉಳಿದಿದ್ದ ಒಂದೇ ಒಂದರಲ್ಲಿ ರತ್ನಳನ್ನು, ರೇಷ್ಮೆ ಸೀರೆ ಉಡಿಸಿ, ಹೂ ಮುಡಿಸಿ ತೆಗೆದೆ. ಪಕ್ಕದಲ್ಲಿ ನಿಂತು ಸಿದ್ದಮ್ಮ ಅವಳ ಕಿವಿಗೆ ಏನೋ ಗದರಿದಂತೆ ಕೇಳಿಸಿತು. ಸೀರೆ ಸರಿ ಮಾಡಿಸುತ್ತಿದ್ದಾಳೆ ಅಂದುಕೊಂಡೆ.

ಇನ್ನು ಫಿಲಂ ತೊಳೆಸಬೇಕು ಎಂದು ಮಾದೇವ ಹೇಳಿದ್ದ. ನಾನು ಸೀಗೆಪುಡಿ ಕಲಸಿಕೊಂಡಿದ್ದೆ. ರತ್ನ ಕೈ ಹಿಡಿದುಕೊಂಡು ಸ್ಟುಡಿಯೋಗೆ ಎಳೆದುಕೊಂಡು ಹೋದಳು. ಹೀಗೆ, ಹೋಗಬಾರದು ಅಂದುಕೊಂಡ ಕಡೆಗೇ ಹೋದದ್ದಾಯಿತು.

ಫೋಟೋ ಬಂದ ದಿನ ಸ್ಟುಡಿಯೋದವನು ಅವುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿ, ನನ್ನ ಮುಖ ನೋಡಿದ.

"ತಾಯೀ, ಬೇಜಾರು ಮಾಡ್ಕಬ್ಯಾಡಿ. ಎಲ್ರೂ ಏನುಡುಕ್ತಾವ್ರೆ? ಯಾರ್ದಾರ ಓಲೆ ಬಿದ್ದೋಗಿತ್ತಾ?"

ನೋಡಿದೆ. ಶಾಗ್ಯದ ನಾದಿನಿ, ಅವಳ ಗಂಡ, ಮಕ್ಕಳು, ಎಲ್ಲರೂ ಕೈಮುಗಿದು ತಲೆ ಬಗ್ಗಿಸಿದ್ದರು. ಸಿದ್ದಮ್ಮ ಬಗ್ಗಿಸಿದ್ದಳು. ಹುಟ್ಟಿದಾಗಿನಿಂದ ಒಬ್ಬರ ಮುಂದೆಯೂ ತಲೆ ಬಗ್ಗಿಸದ ನನ್ನ ಮಗಳೂ ಬಗ್ಗಿಸಿದ್ದಳು! ಮುಖವಿಲ್ಲ. ಬೈತಲೆ, ಎರಡು ಮೊಳ ಹೂ, ಅಷ್ಟೇ.

"ಅವ್ವ, ಇದು ನನ್ ಫೋಟೋ ಅಲ್ಲ, ನನ್ ಬೈತಲೆ ಫೋಟೋ" ಎಂದಳು ರತ್ನ.

ಮನೆಗೆ ಬಂದು ಸಿದ್ದಮ್ಮನನ್ನು ತರಾಟೆಗೆ ತೆಗೆದುಕೊಂಡೆ. ಅವಳು ನನಗೇ ಗದರಿದಳು.

"ಇದೊಳ್ಳೆ ಕತೆ ಕಣಕ್ಕ! ದೊಡ್ಡೋಳು ನೀನೇ ನಂಗೆ ತಲೆ ಬಗ್ಸ್ದಾಗ ನಾನು ಮೂತಿ ಎತ್ಕಂಡು ನಿಂತ್ಕಂಡ್ರೆ ಚೆಂದಾಗಿರ್ತದಾ? ನಿನ್ ಮಗ್ಳಿಗೂ ನಾನೇ ಏಳ್ದೆ, ಅವ್ವ ಬಗ್ಗವ್ಳೆ, ಬಗ್ಗಮ್ಮಿ ಅಂತ."

ಮತ್ತೆ ತೆಗೆಯೋಣವೆಂದರೆ ಫಿಲಂ ಮುಗಿದಿತ್ತು, ಮಾದೇವ ಬಂದು ಕ್ಯಾಮರಾವನ್ನೂ ಒಯ್ದಿದ್ದ.

ಆದರೂ ಸಾಮಾನಿನ ಫೋಟೋಗಳು ಸೊಗಸಾಗಿ ಬಂದಿದ್ದವು. ಬೀಸೋಕಲ್ಲು ಯಾರಿಗೂ ಮರ್ಯಾದೆ ಕೊಡುವುದಿಲ್ಲವಲ್ಲ. ನಾದಿನಿಗೆ ಅವಳ ಫೋಟೋ ತೋರಿಸಿ ಬರಲು ಶಾಗ್ಯದ ಕಡೆ ಹೋಗುವ ಹನೂರಿನ ಬಸ್ಸು ಹತ್ತಿದವಳು ದಾರಿಯುದ್ದಕ್ಕೂ ಎಲ್ಲರ ಕೈಗೂ ಆ ಫೋಟೋಗಳನ್ನು ಕೊಟ್ಟೆ. ಕಾಮಗೆರೆಯಲ್ಲಿ ಹತ್ತಿದ ಹೆಂಗಸೊಬ್ಬಳು ಕೇಳಿದಳು:

"ಮನೇಲಿ ಬೀಸೋಕಲ್ಲಿಲ್ವಾ? ಫೋಟೋ ಮಡೀಕಂಡಿದ್ದೀಯಲ್ಲ?"

"ಅದ್ನೇ ಒತ್ಕಂಡು ಬಸ್ ಅತ್ತಕ್ಕಾದದಾ?" ಎಂದೆ.

ಬಸ್ಸಿಗೆ ಬಸ್ಸೇ ಒಪ್ಪಿತು.

ಅದೇ ಉಬ್ಬಿನಲ್ಲಿ, ಹುಡುಗಿಯ ಬೈತಲೆಯೊಂದನ್ನೇ ಕಳಿಸಿದರೆ ಚೆನ್ನಾಗಿರುವುದಿಲ್ಲ ಎಂದು ಅಷ್ಟೂ ಫೋಟೋಗಳನ್ನು ಕಟ್ಟಿ ನಂಜಣ್ಣನ ಕೈಗೆ ಕೊಟ್ಟು ಯಳಂದೂರಿಗೆ ಕಳಿಸಿದೆ. ಮುಗಿಯಿತು ಕತೆ ಅಂದುಕೊಂಡೆ. ನಂಜಣ್ಣ ಕುಣಿಯುತ್ತಾ ವಾಪಸು ಬಂದ!

"ಗೌರಮ್ಮ ಬಲು ಮೆಚ್ಕಂಡ್ರು ಕಣಕ್ಕ! ಇಂತಾ ಇನಯ ಎಲ್ಲೂ ನೋಡಿಲ್ಲ ಅಂದ್ರು. ಉಡ್ಗಿ ತಲೆ ಎತ್ತಿಲ್ಲ, ನೆಂಟ್ರು ಎತ್ತಿಲ್ಲ, ನೆರೆಯೋರೂ ಎತ್ತಿಲ್ಲ. ಆ ಮೇಕೆ ಒಂದೇ ಸೊಕ್ಕಲ್ಲಿ ನಿಂತದೆ ಅಂದ್ರು. ಬರೋ ಸೋಮ್ವಾರ ಬತ್ತಾರೆ!"

ನಿಜ ಹೇಳಬಹುದಿತ್ತು. ಹೇಳಲಿಲ್ಲ. ಮಗಳಿಗೆ ಹೇಳಿದೆ: "ಒಂದಿನ ತಲೆ ತಗ್ಗಿಸ್ಕಂಡಿರಮ್ಮಿ."

"ಕತ್ತು ನೋಯ್ತದೆ" ಎಂದಳು.

ಸೋಮವಾರ ಬಂದರು. ಹುಡುಗ ಚಾಪೆಯ ಎಳೆ ಎಣಿಸುವವನ ಹಾಗೆ ತಲೆ ತಗ್ಗಿಸಿಕೊಂಡು ಕೂತ. ರತ್ನ ಕಾಫಿ ತಂದಳು. ತಲೆ ನೆಟ್ಟಗಿತ್ತು, ಕಣ್ಣು ಎಲ್ಲರ ಮುಖದ ಮೇಲೂ ಓಡಾಡುತ್ತಿತ್ತು.

"ಗೋಡೆಗಂಟ್ಕಂಡು ಕೂತ್ರೆ ಕಾಫಿ ಎಂಗೆ ಕೊಡ್ಲಿ? ಮುಂದಕ್ಕೆ ಬನ್ನಿ" ಎಂದಳು ಹುಡುಗನಿಗೆ.

ಗೌರಮ್ಮ ಸೆರಗಿನ ಗಂಟಿನಿಂದ ಫೋಟೋ ತೆಗೆದರು. ಫೋಟೋ ನೋಡಿದರು, ರತ್ನಳನ್ನು ನೋಡಿದರು. ಮತ್ತೆ ಫೋಟೋ ನೋಡಿದರು.

"ಇವ್ಳು ಆ ಉಡ್ಗಿ ಅಲ್ಲ!" ಎಂದು ಎದ್ದುನಿಂತರು. "ಒಬ್ಳುನ್ನ ತೋರ್ಸಿ ಇನ್ನೊಬ್ಳುನ್ನ ಕಟ್ಟಕ್ಕೆ ನೋಡ್ತಿದ್ದೀರಾ?"

ನಂಜಣ್ಣ ಆಗಲೇ ಚಪ್ಪಲಿ ಹುಡುಕುತ್ತಿದ್ದ.

"ಇವ್ಳೇ ಕಣ್ರವ್ವ!" ಎಂದೆ.

"ಅಂಗಾರೆ ಬಗ್ಲಿ. ಬೈತಲೆ ನೋಡ್ತೀನಿ."

"ನಾ ಬಗ್ಗಲ್ಲ" ಎಂದಳು ರತ್ನ.

ಇನ್ನು ಬೇರೆ ದಾರಿ ಇರಲಿಲ್ಲ. ಎಲೆಅಡಿಕೆ ಡಬ್ಬವನ್ನು ಹೊಟ್ಟೆಗೆ ಹಿಡಿದುಕೊಂಡು ಗೌರಮ್ಮನ ಮುಂದೆ ನಿಂತೆ. "ನಡ್ದಿದ್ದಿಷ್ಟೇ ಕಣ್ರವ್ವ. ಕ್ಯಾಮರಾ ಅನ್ನದ್ನ ಇಂಗಿಡ್ಕಂಡೆ. ಇಂಗೆ ಬಗ್ದೆ..."

ಬಗ್ಗಿದೆ. ತಲೆ ಎತ್ತಿ ನೋಡುತ್ತೇನೆ, ಎದುರಿಗೆ ಗೌರಮ್ಮ ಕೈಮುಗಿದು ತಲೆ ಬಗ್ಗಿಸಿದ್ದಾರೆ! ಹಿಂದೆ ಅವರ ಯಜಮಾನರು ಬಗ್ಗಿದ್ದಾರೆ. ಚಪ್ಪಲಿ ಹಾಕಿಕೊಂಡಿದ್ದ ನಂಜಣ್ಣನೂ ಬಗ್ಗಿದ್ದಾನೆ!

"ಈಗ ನಿಮ್ ಫೋಟೋ ತೆಗ್ದಿದ್ರೆ ಬೈತಲೇನೇ ಬತ್ತಿತ್ತು" ಎಂದಳು ರತ್ನ.

ಮಗ್ಗದ ಕಡೆಯಿಂದ ನಮ್ಮನೆಯವರು ಕೆಮ್ಮಿದರು. ಅದು ಕೆಮ್ಮಲ್ಲ, ನಗು. ಆಗ ಹುಡುಗ ಮೊದಲನೇ ಸಲ ತಲೆ ಎತ್ತಿದ.

"ಅವ್ವ, ಕುತ್ಕೊ. ನಮ್ಮನೇಲಿ ಅಪ್ಪ, ನಾನು, ಚಿಕ್ಕಪ್ಪ, ಎಲ್ರೂ ಒತ್ತಾರೆಯಿಂದ ಮಗ್ಗದಲ್ಲಿ ತಲೆ ಬಗ್ಸ್ಕಂಡೇ ಇರ್ತೀವಿ. ಒಂದಾರ ತಲೆ ನೆಟ್ಟಗಿರ್ಲಿ ಬಿಡು."

ಗೌರಮ್ಮ ಕೂತರು. ಕಾಫಿ ಆರಿತ್ತು, ಆದರೂ ಕುಡಿದರು.

ಮದುವೆಯ ದಿನ ಮಾದೇವ ಅದೇ ಕ್ಯಾಮರಾ ತಂದ. ನನಗೆ ಮುಟ್ಟಲು ಕೊಡಲಿಲ್ಲ. ಇರಲಿ ಎಂದು ನಾನು ಎರಡೂ ಕಡೆಯ ನೆಂಟರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಮುಂದೆಯೂ ಹೋಗಿ ತಾಕೀತು ಮಾಡಿದೆ: "ಅವ್ನು ಬಗ್ಗದು ನಿಮ್ಗಲ್ಲ, ಗಾಜಿಗೆ! ಯಾರೂ ಬಗ್ಗಬ್ಯಾಡಿ!" ಎಲ್ಲರೂ ಕಂಬದ ಹಾಗೆ ನಿಂತರು. ನಾನು ಓಡಿಹೋಗಿ ಕೊನೆಯಲ್ಲಿ ನಿಂತೆ. ಮಾದೇವ ಬಗ್ಗಿದ. ಗುಂಡಿ ಒತ್ತಿದ.

ಆ ಫೋಟೋ ಈಗಲೂ ಯಳಂದೂರಿನ ಮನೆಯ ನಡುಗೋಡೆಯ ಮೇಲಿದೆ. ಹೆಣ್ಣು, ಗಂಡು, ಗೌರಮ್ಮ, ಸಿದ್ದಮ್ಮ, ಎಲ್ಲರ ಮುಖವೂ ನಿಚ್ಚಳವಾಗಿದೆ. ಕೊನೆಯಲ್ಲಿ ಒಬ್ಬಳು ಮಾತ್ರ ಕೈಮುಗಿದು ನೆಲ ನೋಡುತ್ತಿದ್ದಾಳೆ. ಬಂದವರೆಲ್ಲ ಕೇಳುತ್ತಾರೆ, ಈಯಮ್ಮ ಏನುಡುಕ್ತಾವ್ಳೆ ಅಂತ.

"ಅವ್ರು ನಮ್ ಬೀಗಿತ್ತಿ ಕಣ್ರಿ. ಬಲು ಇನಯ" ಎನ್ನುತ್ತಾರೆ ಗೌರಮ್ಮ, ನನಗೂ ಕೇಳಿಸುವ ಹಾಗೆ.

ನಾನು ತಲೆ ಬಗ್ಗಿಸಿಕೊಂಡು ಕಾಫಿ ಕುಡಿಯುತ್ತೇನೆ.