ಪಕ್ಕದ ಸೀಟಿನ ತೀರ್ಪುಗಾರ್ತಿ

ಹೋದ ತಿಂಗಳ ಒಂದು ಭಾನುವಾರ, ಸುರಿಯುವ ಮಳೆಯಲ್ಲಿ ನಾನು ಅಮ್ಮನನ್ನು ಕಾರಿನಲ್ಲಿ ಕಾರ್ಕಳಕ್ಕೆ ಕರೆದೊಯ್ದು, ದಾರಿಯುದ್ದಕ್ಕೂ ಡ್ರೈವಿಂಗ್ ಹೇಳಿಕೊಟ್ಟು, ಒಂದು ಗೀರೂ ಬೀಳದಂತೆ ಉಡುಪಿ ಬನ್ನಂಜೆಯ ನಮ್ಮ ಮನೆಗೆ ಮರಳಿ ಮುಟ್ಟಿಸಿದೆ ಎಂಬ ಕಥೆಯೊಂದು ನಮ್ಮ ನೆಂಟರಲ್ಲಿ ಓಡಾಡುತ್ತಿದೆ. ಕೇಳಿದವರೆಲ್ಲ ನನ್ನ ಬೆನ್ನು ತಟ್ಟುತ್ತಾರೆ. ಕಾಲೇಜಿನ ಐದು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಗಂಟಲು ಹರಿದುಕೊಂಡವಳು ನಾನು. ಯಾವ ಮಾತು ಕಿವಿಗೆ ಬಿದ್ದರೂ ಇದನ್ನು ಹೇಳಿದವರು ಯಾರು, ಆಗ ಅವರು ಎಲ್ಲಿದ್ದರು ಎಂದು ಕೇಳುವುದು ಅಭ್ಯಾಸವಾಗಿಬಿಟ್ಟಿದೆ. ಈ ಕಥೆ ಹೇಳಿದವರು ನನ್ನ ಚಿಕ್ಕಪ್ಪ. ಆಗ ಅವರು ಸಂತೆಕಟ್ಟೆಯ ತಮ್ಮ ಮನೆಯಲ್ಲಿ ಟಿ.ವಿ. ನೋಡುತ್ತಿದ್ದರು. ಸಾಕ್ಷಿ ಅಲ್ಲಿಗೇ ಬಿದ್ದುಹೋಯಿತು. ಬೆನ್ನು ತಟ್ಟಿಸಿಕೊಳ್ಳುವುದು ಹಿತವಾಗಿಯೇ ಇರುತ್ತದೆ. ಆದರೂ ಸತ್ಯ ಹೇಳಿಬಿಡುತ್ತೇನೆ. ನನಗೆ ಕಾರು ಬಿಡಲಿಕ್ಕೆ ಬರುವುದೇ ಇಲ್ಲ.

ಅಪ್ಪ ಮಸ್ಕತ್ತಿನಲ್ಲಿದ್ದಾರೆ. ಮೂರು ವರ್ಷದ ಹಿಂದೆ ರಜೆಗೆ ಬಂದಾಗ ಅವರು ಕೊಂಡ ಕಾರು ಅಂಗಳದಲ್ಲಿ ಬೂದು ಹೊದಿಕೆ ಹೊದ್ದು ಮಲಗಿತ್ತು. ಬ್ಯಾಟರಿ ಇಳಿಯಬಾರದೆಂದು ಚಿಕ್ಕಪ್ಪ ಆಗಾಗ ಬಂದು ಓಡಿಸುತ್ತಿದ್ದರು; ಬ್ಯಾಟರಿಯ ಆರೋಗ್ಯಕ್ಕಾಗಿ ಅದನ್ನು ಕುಂದಾಪುರದ ಎರಡು ಮದುವೆಗೂ ಒಂದು ಗೃಹಪ್ರವೇಶಕ್ಕೂ ಒಯ್ದ ತ್ಯಾಗ ಅವರದು. ಮಳೆಗಾಲ ಶುರುವಾದಾಗ ಅಪ್ಪ ಫೋನು ಮಾಡಿ, ನಿಂತಲ್ಲೇ ಹಾಳಾಗುವುದಕ್ಕಿಂತ ಕಾರು ತಮ್ಮನಿಗೇ ಇರಲಿ ಎಂದರು. ಐವತ್ತೇಳರ ಅಮ್ಮ ಅಡುಗೆಮನೆಯಿಂದ ಬಂದು, ಕೈ ಒರೆಸಿಕೊಂಡು, ಫೋನಿನ ಹತ್ತಿರ ಬಾಗಿ, ತನ್ನಲ್ಲಿ ಲೈಸೆನ್ಸ್ ಉಂಟು ಎಂದಳು. ಬೆಳಗಿನ ವಾಕಿಂಗ್ ಎಂದು ಹೇಳಿ ಹೋಗುತ್ತಿದ್ದದ್ದು ಡ್ರೈವಿಂಗ್ ಶಾಲೆಗಂತೆ. ಅಷ್ಟು ವಾಕಿಂಗ್ ಮಾಡಿಯೂ ಅಮ್ಮ ಚೂರೂ ತೆಳ್ಳಗಾಗದ್ದನ್ನು ಒಂದೇ ಮನೆಯಲ್ಲಿದ್ದ ನಾನು ಗಮನಿಸಿದ್ದೆ. ತೀರ್ಮಾನಕ್ಕೆ ಮಾತ್ರ ಬಂದಿರಲಿಲ್ಲ.

ಅಪ್ಪ ಯೋಚಿಸಿ ಒಂದು ದಾರಿ ಹುಡುಕಿದರು. ಅಮ್ಮ ಒಂದು ದಿನ ದೂರದ ರಸ್ತೆಯಲ್ಲಿ ಓಡಿಸಲಿ. ನಾನು ಪಕ್ಕದಲ್ಲಿ ಕೂತು ನೋಡಿ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಕಾರು ಅಂಗಳದಲ್ಲಿ ಉಳಿಯುವುದೋ ಸಂತೆಕಟ್ಟೆಗೆ ಹೋಗುವುದೋ ಎಂಬುದು ನನ್ನ ಮಾತಿನ ಮೇಲೆ ನಿಂತಿತು. ನಾನಂತೂ ಮೊದಲಿನಿಂದಲೂ ವಿರೋಧ ಪಕ್ಷ. ಮಳೆಗಾಲ, ತಿರುವುಗಳು, ಆ ಖಾಸಗಿ ಬಸ್ಸುಗಳ ಆರ್ಭಟ ಎಂದು ಮೂರು ಅಂಶ, ತಲಾ ಎರಡು ಉಪಾಂಶ ಮಂಡಿಸಿದೆ. ಅಮ್ಮ ಪೂರ್ತಿ ಕೇಳಿ, “ಭಾಷಣ ಮುಗೀತಾ? ಆದಿತ್ಯವಾರ ಕಾರ್ಕಳದ ಸುಮತಿಯಲ್ಲಿಗೆ ಹೋಗುವ” ಎಂದಳು.

ಸುಮತಿ ಟೀಚರ್ ಅಮ್ಮನ ಹಳೆಯ ಸಹೋದ್ಯೋಗಿ. ಎರಡು ವರ್ಷದ ಹಿಂದೆ ಉಡುಪಿಗೆ ವರ್ಗವಾಗುವವರೆಗೆ ಅಮ್ಮ ಕಾರ್ಕಳದ ಶಾಲೆಯಲ್ಲಿ ಪಾಠ ಮಾಡಿದವಳು. ಇಪ್ಪತ್ತೆರಡು ವರ್ಷ ದಿನಾ ಬಸ್ಸಿನಲ್ಲೇ ಹೋಗಿ ಬಂದವಳು. ಅದೇ ಶಾಲೆಯ ಜೆಸಿಂತಾ ಟೀಚರ್ ಮಣಿಪಾಲದಲ್ಲಿ ಆ ಬಸ್ಸು ಹತ್ತುತ್ತಿದ್ದರು. ಆ ಭಾನುವಾರ ಅವರು ಅದೇ ಸ್ಟಾಪಿನಲ್ಲಿ ಕೊಡೆ ಹಿಡಿದು ನಿಂತಿದ್ದರು. ಹಿಂದಿನ ಸೀಟಿನಲ್ಲಿ ಕೂತು ಶಿಲುಬೆಯ ಗುರುತು ಮಾಡಿಕೊಂಡರು. ನಾನು ಅದನ್ನು ಅಮ್ಮನ ವಿರುದ್ಧದ ಮೊದಲ ಸಾಕ್ಷ್ಯವೆಂದು ಮನಸ್ಸಿನಲ್ಲಿ ಬರೆದುಕೊಂಡೆ.

ಪರ್ಕಳ ದಾಟುವಾಗ ಮಳೆ ಎಷ್ಟು ಜೋರಾಯಿತೆಂದರೆ ವೈಪರ್ ಸುಮ್ಮನೆ ಕೈ ಬೀಸಿ ಟಾಟಾ ಹೇಳಿದಂತಿತ್ತು. ನನ್ನ ಬಲಗಾಲು ನನ್ನ ಕಡೆ ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ನೋಯತೊಡಗಿತು. ಹಿರಿಯಡಕದ ಆಚೆ ಒಂದು ತಿರುವಿಗೆ ಮೊದಲು ಅಮ್ಮ ಕಾರನ್ನು ಎಡಕ್ಕೆ ತಂದು ನಿಲ್ಲಿಸಿಯೇಬಿಟ್ಟಳು. ಎದುರಿಗೆ ನರಪಿಳ್ಳೆಯೂ ಇರಲಿಲ್ಲ.

“ಎಂತಕ್ಕೆ ನಿಲ್ಲಿಸಿದ್ದು?” ಎಂದೆ.

“ಎಂಟೂ ಮುಕ್ಕಾಲರ ಬಸ್ಸು ಬರ್ತದೆ. ಅದು ಈ ತಿರುವಲ್ಲಿ ನಮ್ಮ ಬದಿಗೇ ಬರುವುದು.”

ಮೂಢನಂಬಿಕೆಗೂ ಅನುಭವಕ್ಕೂ ಇರುವ ವ್ಯತ್ಯಾಸವನ್ನು ನಾನು ವಿವರಿಸಲು ತೊಡಗಿದ್ದೆ. ಆಗಲೇ ಮಳೆಯ ಬಿಳಿಯನ್ನು ಸೀಳಿಕೊಂಡು, ಹಾರನ್ ಬಾರಿಸುತ್ತ, ಪೂರ್ತಿ ನಮ್ಮ ಬದಿಯಲ್ಲೇ ಬಂದ ಬಸ್ಸೊಂದು ನಮ್ಮ ಮೇಲೆ ಒಂದು ಕೊಡ ಕೆಸರು ನೀರು ಎರಚಿ ಹೋಯಿತು. ಅಮ್ಮ ಗಡಿಯಾರ ನೋಡಿ, ಎರಡು ನಿಮಿಷ ಲೇಟು ಎಂದಳು. ಕಾಕತಾಳೀಯ ಎಂದು ನಾನು ವಾದಿಸಿದೆ. ಬೈಲೂರಿನ ಹತ್ತಿರ ಮತ್ತೊಮ್ಮೆ ಹಾಗೆಯೇ ನಿಲ್ಲಿಸಿದಳು. ಮತ್ತೊಂದು ಬಸ್ಸು ಬಂತು. ಮೂರನೆಯದು ಬಂದಾಗ ಕಾಕತಾಳೀಯ ಎನ್ನಲು ನನ್ನ ನಾಲಿಗೆಯೇ ನಾಚಿತು. ಹಿಂದೆ ತಿರುಗಿ ನೋಡಿದರೆ ಜೆಸಿಂತಾ ಟೀಚರ್ ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದರು. ಚಾಲಕಿಯ ಮೇಲೆ ಇದಕ್ಕಿಂತ ದೊಡ್ಡ ವಿಶ್ವಾಸಮತ ಇನ್ನೊಂದಿಲ್ಲ; ಅದನ್ನು ಮಾತ್ರ ನಾನು ಬರೆದುಕೊಳ್ಳಲಿಲ್ಲ.

ಸುಮತಿ ಟೀಚರ್ ಇಪ್ಪತ್ತೆರಡು ವರ್ಷ ಡಬ್ಬಿಯ ತಣ್ಣಗಿನ ಅನ್ನ ಹಂಚಿಕೊಂಡದ್ದು ಸಾಕು, ಇವತ್ತು ಬಿಸಿಬಿಸಿಯದ್ದನ್ನು ಬೇರೆಯವರು ಬಡಿಸಲಿ ಎಂದು ನಮ್ಮನ್ನು ಹೊಸ ರೆಸ್ಟೋರೆಂಟಿಗೆ ಹೊರಡಿಸಿದರು. ಅಲ್ಲಿ ಒಂದು ಜೀಪಿಗೂ ಹೂಕುಂಡದ ಸಾಲಿಗೂ ನಡುವೆ ಒಂದೇ ಒಂದು ಜಾಗ. ನಾನು ಮಳೆಯಲ್ಲೇ ಇಳಿದು, ಕಾರಿನ ಹಿಂದೆ ನಿಂತು, ಎರಡೂ ಕೈಯಲ್ಲಿ ಬಲಕ್ಕೆ ಎಡಕ್ಕೆ ಎಂದು ತೋರಿಸತೊಡಗಿದೆ. ರೈನ್‌ಕೋಟಿನ ವಾಚ್‌ಮನ್ ಸ್ವಲ್ಪ ಹೊತ್ತು ನನ್ನನ್ನೇ ನೋಡಿ, “ಅಕ್ಕ, ನೀವು ಸ್ವಲ್ಪ ಈಚೆ ಬನ್ನಿ. ಅವರಿಗೆ ಕಾಣುವುದಿಲ್ಲ” ಎಂದ. ನಾನು ಈಚೆ ಬಂದೆ. ಅಮ್ಮ ಒಂದೇ ಸಲಕ್ಕೆ ಹಿಂದೆ ತಂದು ನಿಲ್ಲಿಸಿದಳು. ಅಷ್ಟು ಹೊತ್ತಿಗೆ ಆ ದಿನ ಪೂರ್ತಿ ಒದ್ದೆಯಾದ ಏಕೈಕ ಪ್ರಯಾಣಿಕಳು ನಾನಾಗಿದ್ದೆ.

ಬೋಟುಗಳು ಕಡಲಿಗಿಳಿಯದ ತಿಂಗಳು ಅದು. ಮೆನುವಿನ ಮೀನೆಲ್ಲ ಐಸಿನದ್ದು ಎಂದು ಮಾಣಿಯೇ ಗುಟ್ಟಾಗಿ ಹೇಳಿದ್ದರಿಂದ ನೀರುದೋಸೆ, ಕೋಳಿ ಸುಕ್ಕ ತರಿಸಿದೆವು. ಮೂವರು ಟೀಚರುಗಳು ಸೇರಿ ಒಬ್ಬ ಹೆಡ್‌ಮಾಸ್ಟರರನ್ನು ನೆನೆದು ನಗುತ್ತಿರುವಾಗ ನಾನು ನನ್ನ ಕೊನೆಯ ಬಾಣ ತೆಗೆದೆ. ಅಮ್ಮನಿಗೆ ಬಂದದ್ದು ಡ್ರೈವಿಂಗ್ ಅಲ್ಲ, ಕಂಠಪಾಠ. ಗೊತ್ತಿರುವ ರಸ್ತೆ, ಗೊತ್ತಿರುವ ಬಸ್ಸು. ಇದರಿಂದ ಏನೂ ಸಾಬೀತಾಗುವುದಿಲ್ಲ ಎಂದೆ. ಸುಮತಿ ಟೀಚರ್ ದೋಸೆ ಮಡಚುವುದನ್ನು ನಿಲ್ಲಿಸಿ, “ನಿನ್ನ ಮಗಳು ಊಟಕ್ಕೆ ಕೂತಲ್ಲಿಯೂ ಹೀಗೆಯಾ ಮಾರಾಯ್ತಿ?” ಎಂದು ಕೇಳಿದರು. ಅಮ್ಮ ಮಾತ್ರ ನನ್ನ ವಾದದಲ್ಲಿ ತಥ್ಯ ಉಂಟು ಎಂದು ಒಪ್ಪಿಕೊಂಡು, ಹಾಗಾದರೆ ಬೆಳ್ಮಣ್, ಶಿರ್ವದ ಮೇಲೆ ಕಾಪುವಿಗೆ ಹೋಗಿ ಮನೆಗೆ ಹೋಗುವ, ಆ ರಸ್ತೆ ತನಗೂ ಗೊತ್ತಿಲ್ಲ ಎಂದಳು. ನಾನು ದೋಸೆ ಬಿಟ್ಟು ಮೊಬೈಲಿನಲ್ಲಿ ಮ್ಯಾಪ್ ತೆರೆದೆ.

ಆ ದಾರಿಯ ಚೆಂದವನ್ನು ನಾನು ವರ್ಣಿಸಬೇಕಿತ್ತು. ಎರಡೂ ಬದಿ ನಾಟಿಯಾದ ಗದ್ದೆ, ಗದ್ದೆಯ ತುಂಬ ಬಿಳಿ ಕೊಕ್ಕರೆ, ಮಳೆ ಕೊಂಚ ನಿಂತಾಗ ಕಣ್ಣಿಗೆ ಹಿಂಸೆಯಾಗುವಷ್ಟು ಹಸಿರು. ನಾನು ನೋಡುತ್ತಿದ್ದದ್ದು ಮೊಬೈಲಿನ ನೀಲಿ ಗೆರೆಯನ್ನು. ಒಂದು ಒಳರಸ್ತೆ ಎಂಟು ನಿಮಿಷ ಉಳಿಸುತ್ತದೆಂದು ಅದು ಹೇಳಿತು, ನಾನು ಅಮ್ಮನಿಗೆ ಹೇಳಿ ಕಾರನ್ನು ಅತ್ತ ತಿರುಗಿಸಿಸಿದೆ. ತಗ್ಗಿನಲ್ಲಿ ರಸ್ತೆಯ ಮೇಲೆಯೇ ನೀರು ಹರಿಯುತ್ತಿತ್ತು. ಇಷ್ಟೇ ಅಲ್ವಾ, ಹೋಗು ಎಂದೆ. ಅಮ್ಮ ಹೋಗಲಿಲ್ಲ, ಎದುರಿನಿಂದ ಬಂದ ಒಂದು ಸ್ಕೂಟರನ್ನು ಕಾದು ನೋಡಿದಳು. ಅದು ಕಾಲಿಡುವ ಹಲಗೆಯವರೆಗೆ ಮುಳುಗಿ, ನಡುವಿನಲ್ಲೇ ಕೆಮ್ಮಿ ನಿಂತಿತು. ಸವಾರ ಇಳಿದು ತಳ್ಳತೊಡಗಿದ. ಅಮ್ಮ ಕಾರನ್ನು ಹಿಂದಕ್ಕೆ ತೆಗೆದು ತಿರುಗಿಸಿದಳು. ಒಬ್ಬ ರಿಕ್ಷಾದವನನ್ನು ಕೇಳಿ ದೊಡ್ಡ ರಸ್ತೆ ಹಿಡಿದಳು. ಆ ಕ್ಷಣದಲ್ಲಿ ನನಗಾದದ್ದು ಸೋಲಿನ ಅನುಭವವೆಂದು ಚರ್ಚೆಯ ನಿಯಮ ಹೇಳುತ್ತದೆ. ಆದದ್ದು ಅದಲ್ಲ. ಆ ಸ್ಕೂಟರಿನವನ ಹತ್ತಿರ ಗಾಜು ಇಳಿಸಿ, ನೋಡಿ, ಇವಳು ನನ್ನ ಅಮ್ಮ ಎಂದು ಹೇಳಬೇಕೆನಿಸಿತು.

ಕಾಪುವಿನಲ್ಲಿ ದೀಪಸ್ತಂಭದ ಅರ್ಧವನ್ನು ಮೋಡ ನುಂಗಿತ್ತು. ಅಮ್ಮ ಕಡಲಿಗೆ ಮುಖ ಮಾಡಿ ಕಾರು ನಿಲ್ಲಿಸಿ ಇಂಜಿನ್ ಆರಿಸಿದಳು. ಇಳಿಯಲಿಲ್ಲ, ಫೋಟೋ ತೆಗೆಯಲಿಲ್ಲ. ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಕಂದು ಬಣ್ಣದ ಅಲೆಗಳನ್ನು ನೋಡುತ್ತ ಕೂತಳು. ಕಾಲು ಗಂಟೆಯಾದ ಮೇಲೆ ಹೋಗುವುದಲ್ವಾ ಎಂದು ಕೇಳಿದೆ.

“ಇಷ್ಟು ವರ್ಷ ಕಂಡಕ್ಟರ್ ರೈಟ್ ಹೇಳಿದಾಗ ಹೊರಟದ್ದು” ಎಂದಳು ಅಮ್ಮ. “ಇವತ್ತು ನಾನು ಹೇಳ್ತೇನೆ.”

ಸಂಜೆ ಜೆಸಿಂತಾ ಟೀಚರನ್ನು ಮಣಿಪಾಲದಲ್ಲಿಳಿಸಿ ಮನೆ ಮುಟ್ಟಿದ ಮೇಲೆ ಅಪ್ಪನಿಗೆ ಫೋನು ಮಾಡಿ ವರದಿ ಒಪ್ಪಿಸಿದೆ. ಇಪ್ಪತ್ತು ನಿಮಿಷ, ಒಂದೂ ಉಪಾಂಶ ಬಿಡಲಿಲ್ಲ. ಅಂಥ ಭಾಷಣವನ್ನು ನಾನು ಯಾವ ವೇದಿಕೆಯಲ್ಲೂ ಮಾಡಿಲ್ಲ. ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುವ ಸದ್ದು ನಿಂತಿತ್ತು, ಅಮ್ಮ ಕೇಳಿಸಿಕೊಳ್ಳುತ್ತಿದ್ದಳು. ಅಪ್ಪ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿ, “ಆಯ್ತು ಮಗಾ, ಕಾರು ಅಲ್ಲೇ ಇರಲಿ. ಮುಂದಿನ ತಿಂಗಳು ನಾನು ಬಂದ ಮೇಲೆ ನಾನೇ ಬಿಡ್ತೇನೆ. ಅವಳಿಗೆ ಯಾಕೆ ಸುಮ್ಮನೆ ಕಷ್ಟ?” ಎಂದರು.

ಗೆದ್ದೆನೆಂದು ಕೂರಲು ಹೊರಟವಳು ಮತ್ತೆ ಎದ್ದು ನಿಂತೆ. ಅಪ್ಪನನ್ನು ಬೈಯುವಂತಿರಲಿಲ್ಲ. ಅವರು ಆಡಿದ್ದು ನನ್ನದೇ ಮಾತು. ಅದೇ ಬೆಳಿಗ್ಗೆಯವರೆಗೂ ನಾನು ಅದನ್ನು ಇನ್ನೂ ಚೆನ್ನಾಗಿ, ಅಂಶ ಅಂಶವಾಗಿ ಆಡುತ್ತಿದ್ದವಳು. ಆದ್ದರಿಂದ ಈ ಸಲ ವಾದಿಸಲಿಲ್ಲ, ಕೇಳಿದೆ ಅಷ್ಟೆ.

“ಅಪ್ಪ, ನಿಮ್ಮನ್ನು ಕರಕೊಂಡು ಬರಲಿಕ್ಕೆ ಮಂಗಳೂರು ಏರ್‌ಪೋರ್ಟಿಗೆ ಅಮ್ಮನೇ ಕಾರು ತರ್ತಾಳೆ. ಕೈಯೊಡ್ಡಿ ಕೀ ಕೇಳದೆ ನೀವು ಪಕ್ಕದಲ್ಲಿ ಕೂತ್ಕೊಳ್ತೀರಾ?”