ಮುನ್ನೂರ ನಲವತ್ತು ಕಿಲೋಮೀಟರ್ ಆಚೆಯ ನಮ್ಮ ಡಾಕ್ಟರು

ದಿನಾಂಕ: ನವೆಂಬರ್ 9

ಇಂದ,
ತುರ್ಗುನ್‌ಬಾಯ್ ಎಸೆನಾಲಿಯೆವ್, ವಯಸ್ಸು ಐವತ್ಮೂರು,
ಶಾಲೆಯ ಬಾಯ್ಲರಿಗೆ ಕಲ್ಲಿದ್ದಲು ಹಾಕುವವನು,
ಅಕ್-ಚಿಯ್ ಗ್ರಾಮ, ಕೋಕ್-ಬೆಲ್ ಜಿಲ್ಲೆ, ನಾರಿನ್ ಪ್ರಾಂತ್ಯ.

ಗೆ,
ಮಾನ್ಯ ಮುಖ್ಯಾಧಿಕಾರಿಗಳು,
ರೋಗಿ ನೋಂದಣಿ ವಿಭಾಗ, ಜಿಲ್ಲಾ ಆರೋಗ್ಯ ಕಚೇರಿ,
ಮೂರನೇ ಮಹಡಿ (ಎದೆನೋವಿನವರೂ ಹತ್ತಿಯೇ ಬರಬೇಕು).

ವಿಷಯ: ನಾನು ಮತ್ತು ನನ್ನ ಮಾತು ಕೇಳಿ ಕೆಟ್ಟ ಇನ್ನೂರ ಹದಿಮೂರು ಜನರು ರಾಜಧಾನಿಯ ವೈದ್ಯರ ಪಟ್ಟಿಯಿಂದ ಬಿಡುಗಡೆ ಹೊಂದಿ, ನಮ್ಮದೇ ಬೀದಿಯ ವೈದ್ಯರ ಪಟ್ಟಿಗೆ ಸೇರಲು ಅನುಮತಿ ಕೋರಿ.

ಉಲ್ಲೇಖ:
1. ವೈದ್ಯರ ಪಟ್ಟಿ ಬದಲಿಸುವ, ತಮ್ಮ ಕಚೇರಿಯ ನಮೂನೆ ಒಂಬತ್ತು.
2. ಅದನ್ನು ಮೂರು ಸಲ ವಾಪಸು ಕೊಟ್ಟ ನಾಲ್ಕನೇ ಕಿಟಕಿ.
3. ಮೂರನೇ ಸಲ ಆ ಕಿಟಕಿಯಲ್ಲಿ ನಾನು ಆಡಿದ ಮಾತು. ಅದಕ್ಕೆ ಕ್ಷಮೆ ಕೇಳಿದ್ದೇನೆ, ಮಾತನ್ನು ವಾಪಸು ಪಡೆದಿಲ್ಲ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಪ್ಪು ನನ್ನದು. ಯಾರದೆಂದು ಕೊನೆಯವರೆಗೆ ಹುಡುಕುವ ಶ್ರಮ ತಮಗೆ ಬೇಡವಾದ ಕಾರಣ ಮೊದಲೇ ಬರೆದಿದ್ದೇನೆ. ಆದರೆ ನನ್ನ ತಪ್ಪಿಗೆ ನನ್ನ ಹೆಂಡತಿ ಬುರುಲ್ ಉಸಿರು ಕಟ್ಟಿ ಸಾಯಬೇಕೆಂದು ಯಾವ ಕಾನೂನಿನಲ್ಲೂ ಇಲ್ಲವಾದ್ದರಿಂದ, ಈ ಕೆಳಗಿನ ಅಂಶಗಳನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ.

1. ನಮ್ಮ ವಂಶದ ಏಳು ತಲೆಮಾರಿನ ಹೆಸರು ನಾನು ಬಾಯಿಪಾಠ ಹೇಳಬಲ್ಲೆ. ಅದರಲ್ಲಿ ಕುದುರೆ ಮೇಯಿಸಿದವರಿದ್ದಾರೆ, ಕುದುರೆ ಕದ್ದವರಿದ್ದಾರೆ, ಒಬ್ಬ ಅಂಚೆಯವನಿದ್ದಾನೆ. ವೈದ್ಯ ಒಬ್ಬನೂ ಇರಲಿಲ್ಲ. ಎರಡು ವರ್ಷದ ಹಿಂದೆ ನನ್ನ ದೊಡ್ಡಪ್ಪನ ಮಗ ಕಾಸಿಮಾಲಿ ಅಣ್ಣನ ಮಗ ಎಮಿಲ್‌ಬೆಕ್ ರಾಜಧಾನಿ ಬಿಷ್ಕೆಕ್‌ನಲ್ಲಿ ಕುಟುಂಬ ವೈದ್ಯನಾದ. ಕೆಲಸ ಕಾಯಂ ಆಗಬೇಕಾದರೆ ಅವನ ರೋಗಿಗಳ ಪಟ್ಟಿ ತುಂಬಬೇಕಿತ್ತು. ರೋಗಿಯು ದೇಶದ ಯಾವ ವೈದ್ಯರಲ್ಲಿ ಬೇಕಾದರೂ ಹೆಸರು ಬರೆಸಬಹುದೆಂದು ಅದೇ ವರ್ಷ ಆದೇಶ ಬಂತು. ಆದ ಕಾರಣ, ಕಾಸಿಮಾಲಿ ಅಣ್ಣ ಒಂದು ಕುದುರೆ ಕಡಿಸಿ ವಂಶಕ್ಕೆಲ್ಲ ಊಟ ಹಾಕಿದ.

ಔತಣದಲ್ಲಿ ಮೂಳೆಗಳನ್ನು ವಯಸ್ಸು, ಮಾನ ನೋಡಿ ಹಂಚುವುದು ನಮ್ಮ ಪದ್ಧತಿಯೆಂದು ತಮಗೆ ತಿಳಿದೇ ಇದೆ. ನನ್ನ ವಯಸ್ಸಿಗೆ ಕಾಲಿನ ಮೂಳೆ ಬರಬೇಕು. ಅಂದು ನನ್ನ ತಟ್ಟೆಗೆ ಸೊಂಟದ ಮೂಳೆ ಬಂತು. ಎಪ್ಪತ್ತು ದಾಟಿದವರಿಗೆ ಸಲ್ಲುವ ಮೂಳೆ ಅದು. ಅದನ್ನು ಮುಟ್ಟುವ ಮೊದಲು ಯಾಕೆಂದು ಕೇಳಬೇಕಿತ್ತು. ಕೇಳಲಿಲ್ಲ, ತಿಂದೆ. ಕೈ ತೊಳೆಯುವ ಹೊತ್ತಿಗೆ ನೋಂದಣಿ ಹಾಳೆಗಳು ಬಂದವು.

"ತುರ್ಗುನ್, ನೀನು ಮೊದಲು ಸಹಿ ಹಾಕು. ನಿನ್ನ ಬಾಯಿಗೆ ಹೆದರಿ ಉಳಿದವರು ಹಾಕ್ತಾರೆ" ಎಂದ ಕಾಸಿಮಾಲಿ ಅಣ್ಣ.

ಹಾಕಿದೆ. ಹಾಕದವರ ಪಕ್ಕ ಹೋಗಿ ಕೂತೆ. "ನಮ್ಮ ರಕ್ತದ ಹುಡುಗ ಡಾಕ್ಟರಾಗಿ ಕೂತಿರುವಾಗ ಪರರ ಕೈಗೆ ನಾಡಿ ಕೊಡ್ತೀಯಾ, ನಾಚಿಕೆ ಆಗಲ್ವಾ?" ಎಂದು ಒಬ್ಬೊಬ್ಬರನ್ನೂ ಕೇಳಿದೆ. ಇನ್ನೂರ ಹದಿನಾಲ್ಕು ಸಹಿ ಬಿದ್ದವು. ಹಿರಿಯರು ಕೈಯೆತ್ತಿ ಹರಸಿ ಮುಖ ಸವರಿಕೊಂಡರು. ಆಮೇಲೆ ಯಾರೂ ಹಿಂದೆ ಸರಿಯುವಂತಿಲ್ಲ.

2. ನಮ್ಮ ಬೀದಿಯಲ್ಲಿ, ನಮ್ಮ ಮನೆಯಿಂದ ನೂರ ನಲವತ್ತು ಹೆಜ್ಜೆಗೆ, ಡಾ. ಅನಾರ್‌ಕುಲ್ ಸಪರಾಲಿಯೇವಾ ಇದ್ದಾರೆ. ದಕ್ಷಿಣದ ಓಶ್ ಕಡೆಯಿಂದ ನಮ್ಮೂರಿಗೆ ಮದುವೆಯಾಗಿ ಬಂದವರು. ಗಂಡ ತೀರಿಕೊಂಡರೂ ಊರು ಬಿಡದೆ ಇಪ್ಪತ್ತಾರು ವರ್ಷದಿಂದ ನಮ್ಮನ್ನು ನೋಡಿಕೊಂಡವರು. ಆ ಔತಣದಲ್ಲಿ ಚಹಾ ಬಗ್ಗಿಸುತ್ತಿದ್ದವರೂ ಅವರೇ. ನನ್ನ ಬಟ್ಟಲು ತುಂಬುವಾಗ, "ತುರ್ಗುನ್, ಸಹಿ ಹಾಕೋ ಮುಂಚೆ ಬಿಷ್ಕೆಕ್ ದಾರೀಲಿರೋ ಘಟ್ಟದ ಕಡೆ ಒಂದ್ಸಲ ನೋಡಪ್ಪ" ಎಂದರು. "ಅಕ್ಕ, ನಿಮ್ಮ ಪಟ್ಟಿ ಕರಗುತ್ತೆ ಅಂತ ನಿಮ್ಮ ಹೊಟ್ಟೆ ಉರೀತಿದೆ" ಎಂದೆ. ಅವರು ಮುಂದಿನವರ ಬಟ್ಟಲಿಗೆ ಹೋದರು.

3. ಎಮಿಲ್‌ಬೆಕ್ ಮೇಲೆ ನನ್ನ ಆರೋಪ ಏನೂ ಇಲ್ಲ. ಒಳ್ಳೆಯ ಹುಡುಗ. ಕರೆದಾಗಲೆಲ್ಲ ಫೋನ್ ಎತ್ತುತ್ತಾನೆ. ತೊಂದರೆ ಏನೆಂದರೆ, ನಮ್ಮೂರಲ್ಲಿ ಮಾತಿಗಾಗಲಿ ಮುಖ ಕಾಣಲಿಕ್ಕಾಗಲಿ ಸಿಗ್ನಲ್ ಸಿಗುವುದು ಗೋರಿಗುಡ್ಡದ ಮೇಲೆ ಮಾತ್ರ. ಆದ್ದರಿಂದ ಎರಡು ವರ್ಷದಿಂದ ನಮ್ಮ ವಂಶದ ರೋಗಿಗಳೆಲ್ಲ ಗುಡ್ಡ ಹತ್ತಿ ವೈದ್ಯರನ್ನು ಕಾಣುತ್ತಿದ್ದಾರೆ. ಹತ್ತಬಲ್ಲವರಿಗೆ ವೈದ್ಯರ ಅಗತ್ಯ ಇರುವುದಿಲ್ಲ, ಅಗತ್ಯ ಇದ್ದವರು ಹತ್ತಲಾರರು. ಕಷ್ಟಪಟ್ಟು ಹತ್ತಿದವರನ್ನು ನೋಡಿ ಹುಡುಗ, "ದೊಡ್ಡಮ್ಮ, ಯಾಕೆ ಹೀಗೆ ಏದುಸಿರು? ನಾಡಿ ಎಷ್ಟಿದೆ ಎಣಿಸಿ" ಎನ್ನುತ್ತಾನೆ. ಎಣಿಸಿದರೆ ನೂರ ಮೂವತ್ತು. ಆದ ಕಾರಣ, ಹಲ್ಲುನೋವಿಗೆ ಹೋದ ಮೂವರಿಗೆ ಹೃದಯದ ಮಾತ್ರೆ ಬಂದಿದೆ.

"ಹಿಂದೆ ಬಿಳೀದು ಏನದು, ಆಸ್ಪತ್ರೇನಾ?" ಎಂದು ಒಮ್ಮೆ ಕೇಳಿದ.

"ನಿನ್ನ ತಾತನ ಗೋರಿ" ಎಂದೆ.

4. ಬುರುಲ್‌ಗೆ ನಿಜವಾಗಿಯೂ ಹೃದಯದ ಕಾಯಿಲೆ. ಕಳೆದ ಫೆಬ್ರವರಿಯಲ್ಲಿ ಅವಳ ಕಾಲು ಊದಿಕೊಂಡವು. ಹಿಮ ಬಿದ್ದು ಬಿಷ್ಕೆಕ್ ದಾರಿಯ ದೊಲೊನ್ ಘಟ್ಟ ಮುಚ್ಚಿತ್ತು. ಒಂದು ಮಧ್ಯಾಹ್ನ ಅವಳಿಗೆ ಕೂತರೂ ಉಸಿರು ಸಾಲದಾಯಿತು. ಗುಡ್ಡಕ್ಕೆ ಅವಳು ಬರಲಾರಳಾದ್ದರಿಂದ ನಾನೊಬ್ಬನೇ ಹತ್ತಿದೆ.

"ಚಿಕ್ಕಪ್ಪ, ಕಾಲನ್ನ ಬೆರಳಲ್ಲಿ ಒತ್ತಿದ್ರೆ ಗುಳಿ ಬೀಳುತ್ತಾ?" ಎಂದ ಎಮಿಲ್‌ಬೆಕ್. ಇಳಿದು ಬಂದು ಒತ್ತಿದೆ. ಬಿತ್ತು. ಹತ್ತಿ ಹೋಗಿ ಹೇಳಿದೆ. "ಮಲಗಿಸಿದ್ರೆ ಉಸಿರು ಇನ್ನೂ ಕಷ್ಟ ಆಗುತ್ತಾ?" ಮತ್ತೆ ಇಳಿದೆ, ಮಲಗಿಸಿದೆ, ಅವಳ ತುಟಿ ನೀಲಿಯಾಯಿತು, ಎಬ್ಬಿಸಿ ಕೂರಿಸಿ ಮತ್ತೆ ಹತ್ತಿದೆ. ಹುಡುಗನ ಮುಖದಲ್ಲಿ ರಕ್ತ ಇರಲಿಲ್ಲ.

"ಚಿಕ್ಕಪ್ಪ, ನಿಮ್ಮ ಕಾಲಿಗೆ ಬೀಳ್ತೀನಿ, ಅನಾರ್‌ಕುಲ್ ಅಕ್ಕನ್ನ ಕರೀರಿ."

"ಅವರನ್ನ ಯಾವ ಮುಖ ಇಟ್ಕೊಂಡು ಕರೀಲೋ?"

"ಮುಖ ಆಮೇಲೆ ನೋಡ್ಕೊಳ್ಳಿ. ಓಡಿ."

ಮಾನ್ಯರೇ, ನಾನು ಮೂರು ಸಲ ಗುಡ್ಡ ಹತ್ತಿದ ಸಮಯದಲ್ಲಿ ಅನಾರ್‌ಕುಲ್ ಅಕ್ಕ ನಮ್ಮ ಮನೆಗೆ ಮೂವತ್ತು ಸಲ ಬಂದು ಹೋಗಬಹುದಿತ್ತು. ಅವರು ಕೋಟು ಕೂಡ ಹಾಕಿಕೊಳ್ಳದೆ ಚೀಲ ಹಿಡಿದು ಬಂದರು. ಔತಣದ ಮಾತು ಎತ್ತಲಿಲ್ಲ. ಎತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಸೂಜಿ ಚುಚ್ಚಿ, ಅವಳ ಮೈಯ ನೀರು ಇಳಿಯುವವರೆಗೆ ಪಕ್ಕದಲ್ಲೇ ಕೂತಿದ್ದರು. ಹೋಗುವಾಗ, "ವಾರಕ್ಕೊಂದ್ಸಲ ಎದೆ ಕೇಳಬೇಕು ಇವಳದ್ದು. ಫೋನಲ್ಲಿ ಕೇಳೋಕಾಗಲ್ಲ" ಎಂದರು.

5. ಇದಕ್ಕೆ ತಮ್ಮ ಕಚೇರಿಯು ಅವರಿಗೆ ಎಚ್ಚರಿಕೆ ಪತ್ರ ಕಳಿಸಿತು: "ಬೇರೆ ವೈದ್ಯರ ಪಟ್ಟಿಯ ರೋಗಿಗೆ ಔಷಧಿ ಬಳಸಿದ ಬಗ್ಗೆ ವಿವರಣೆ ನೀಡುವುದು." ಅವರು ಒಂದೇ ಸಾಲು ಬರೆದರು: "ರೋಗಿಗೆ ಉಸಿರಾಡಲು ಆಗುತ್ತಿರಲಿಲ್ಲ." ವಿವರಣೆ ತೃಪ್ತಿಕರವಾಗಿಲ್ಲವೆಂದು ಎರಡನೇ ಪತ್ರ ಬಂತು. ಆಗ ನಾನು ತಮ್ಮ ಕಚೇರಿಗೆ ಬಂದಿದ್ದೆ. ತಾವು ಸಭೆಯಲ್ಲಿದ್ದಿರಿ. ಅದೇ ಒಳ್ಳೆಯದಾಯಿತು, ಇಬ್ಬರಿಗೂ.

6. ಅಂದಿನಿಂದ ಬುರುಲ್ ಮೂರು ತಿಂಗಳಿಗೊಮ್ಮೆ ಔಷಧಿ ಚೀಟಿಗಾಗಿ ಬಿಷ್ಕೆಕ್‌ಗೆ ಹೋಗಬೇಕು, ಏಕೆಂದರೆ ವರ್ಷವಿಡೀ ನುಂಗುವ ಮಾತ್ರೆಗೆ ಚೀಟಿ ಬರೆಯುವ ಅಧಿಕಾರ ಪಟ್ಟಿಯ ವೈದ್ಯರಿಗೆ ಮಾತ್ರ, ಅದೂ ರೋಗಿಯನ್ನು ಎದುರಿಗೆ ಕೂರಿಸಿಕೊಂಡು. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ನಾಲ್ವರ ನಡುವೆ ಏಳು ಗಂಟೆ ಕಾಲು ಇಳಿಬಿಟ್ಟು ಕೂತು, ಕಾಲಿನ ಊತ ಇಳಿಸುವ ಮಾತ್ರೆ ತರುತ್ತಾಳೆ. ತರುವಾಗ ಊತ ಎರಡರಷ್ಟಾಗಿರುತ್ತದೆ. ಚಳಿಗಾಲದಲ್ಲಿ ಶಾಲೆಯ ಬಾಯ್ಲರ್ ಬಿಟ್ಟು ನಾನು ಜೊತೆಗೆ ಹೋಗಲಾರೆ. ನಾನು ಹೋದರೆ ಮುನ್ನೂರು ಮಕ್ಕಳು ಕೈಗವಸು ಹಾಕಿಕೊಂಡು ಬರೆಯಬೇಕು.

7. ಈಗ ಅನಾರ್‌ಕುಲ್ ಅಕ್ಕನ ಪಟ್ಟಿಯಲ್ಲಿ ಉಳಿದಿರುವುದು ಅರವತ್ತೊಂದು ಜನ. ಇಷ್ಟು ಜನಕ್ಕೆ ವೈದ್ಯರು ಅನಗತ್ಯವೆಂದು ಹುದ್ದೆಯನ್ನು ಡಿಸೆಂಬರ್ ಕೊನೆಗೆ ತೆಗೆಯುತ್ತಿದ್ದೀರಿ. ಅವರು ಓಶ್‌ನಲ್ಲಿರುವ ಮಗಳ ಮನೆಗೆ ಹೊರಡಲು ಪುಸ್ತಕ ಕಟ್ಟಿಡುತ್ತಿದ್ದಾರೆ. ಪಟ್ಟಿ ಬದಲಿಸಲು ಕೊನೆಯ ದಿನ ನವೆಂಬರ್ ಹದಿನೈದು. ಇನ್ನು ಆರು ದಿನ ಇದೆ. ಆದ ಕಾರಣ ನಮೂನೆ ಒಂಬತ್ತನ್ನು ತುಂಬಿ ತಂದೆ.

ಕಿಟಕಿಯ ಹುಡುಗಿ ಮರ್ಯಾದೆಯಿಂದಲೇ ಕೇಳಿದಳು. "ಅಣ್ಣ, ಪಟ್ಟಿ ಬಿಡೋಕೆ ಕಾರಣ? ಇಲ್ಲಿ ಮೂರೇ ಇರೋದು. ಮನೆ ಬದಲಾಯಿಸಿದ್ರಾ?"

"ಇಲ್ಲ."

"ಡಾಕ್ಟರು ತಪ್ಪು ಚಿಕಿತ್ಸೆ ಕೊಟ್ರಾ?"

"ಇಲ್ಲ."

"ಬೈದ್ರಾ?"

"ಅವನ್ಯಾಕೆ ಬೈತಾನೆ? ಬೈಯೋದೆಲ್ಲ ನಾನೇ."

"ಮತ್ತೆ ಏನು ಕಾರಣ ಅಂತ ಗುರುತು ಹಾಕ್ಲಿ?"

"ದೂರ ಅಂತ ಹಾಕಮ್ಮ."

"ದೂರ ಅನ್ನೋ ಸಾಲು ಇಲ್ಲ ಅಣ್ಣ. ಅಲ್ದೆ, ನೀವು ಸಹಿ ಹಾಕುವಾಗ್ಲೂ ಬಿಷ್ಕೆಕ್ ಅಲ್ಲೇ ಇತ್ತಲ್ವಾ?"

ಮಾತಿನಲ್ಲಿ ಸೋತಾಗ ನಾನು ಏನು ಮಾಡುತ್ತೇನೆಂಬುದು ಉಲ್ಲೇಖ ಮೂರರಲ್ಲಿದೆ.

ಗುಡ್ಡ ಹತ್ತಿ ಎಮಿಲ್‌ಬೆಕ್‌ಗೆ ವಿಷಯ ಹೇಳಿದೆ. "ಚಿಕ್ಕಪ್ಪ, ನಾನು ಬೈದೆ ಅಂತ ಗುರುತು ಹಾಕಿಬಿಡಿ. ನಾನು ಒಪ್ಕೊಳ್ತೀನಿ." ನಾವು ಬಿಟ್ಟರೂ ಅವನ ಪಟ್ಟಿಯಲ್ಲಿ ಈಗ ಬಿಷ್ಕೆಕ್‌ನವರು ಸಾಕಷ್ಟಿದ್ದಾರೆ, ಆದರೆ ಇನ್ನೂರ ಹದಿನಾಲ್ಕು ಜನ ಹಾಗೆ ಬರೆದರೆ ಅವನ ಕೆಲಸ ಉಳಿಯುವುದಿಲ್ಲ. ವಂಶಕ್ಕೆ ಇರುವವನು ಒಬ್ಬನೇ ಡಾಕ್ಟರು. ಹಾಕುವುದಿಲ್ಲ ಎಂದೆ.

8. ಕಾಸಿಮಾಲಿ ಅಣ್ಣ ನನ್ನನ್ನು ಬೀದಿಯಲ್ಲಿ ತಡೆದು, "ನನ್ನ ಮಗನ ಪಟ್ಟಿಯಿಂದ ಹೆಸರು ತೆಗೆಸಿದ್ರೆ ನನ್ನ ಹೊಸ್ತಿಲು ತುಳೀಬೇಡ" ಎಂದ. ತುಳಿಯುವುದಿಲ್ಲ ಎಂದು ಮೂರು ದಿನ ಸುಮ್ಮನಿದ್ದೆ. ನಾಲ್ಕನೇ ದಿನ ಆ ಅರವತ್ತೊಂದು ಜನರ ಪಟ್ಟಿಯನ್ನು ಚಿಕಿತ್ಸಾಲಯದ ಗೋಡೆಗೆ ಅಂಟಿಸಿದ್ದರು. ಹನ್ನೆರಡನೇ ಹೆಸರು ಕಾಸಿಮಾಲಿ. ಅಣ್ಣ ಎರಡು ವರ್ಷದಿಂದ ಅನಾರ್‌ಕುಲ್ ಅಕ್ಕನ ಹತ್ತಿರ ರಕ್ತದೊತ್ತಡ ನೋಡಿಸಿಕೊಳ್ಳುತ್ತಿದ್ದಾನೆ. ನೇರ ಹೋಗಿ ಹೊಸ್ತಿಲು ತುಳಿದು ಕೇಳಿದೆ.

"ಹೆತ್ತ ಮಗನ ಮುಂದೆ ಅಂಗಿ ಬಿಚ್ಚಿ ಕೂರ್ಲೇನೋ?" ಎಂದ.

"ಹಾಗಾದ್ರೆ ನಮ್ಮನ್ನೆಲ್ಲ ಯಾಕೆ ಕಳಿಸ್ದೆ?"

"ನಿಮಗೇನು, ಅವನು ನಿಮ್ಮ ಮಗ ಅಲ್ಲವಲ್ಲ." ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, "ಅಲ್ದೆ ನನಗೆ ಗುಡ್ಡ ಹತ್ತೋಕಾಗಲ್ಲ" ಎಂದ.

ಅಣ್ಣನ ಸಹಿಯೂ ಈ ಅರ್ಜಿಯ ಕೆಳಗಿದೆ. ಹಾಕಿಸಲು ಅರ್ಧ ದಿನ ಹಿಡಿಯಿತು.

9. ದೂರದ ವೈದ್ಯರೇ ಬೇಡವೆಂದು ನಾನು ಹೇಳುತ್ತಿಲ್ಲ. ಬಿಷ್ಕೆಕ್‌ನಲ್ಲಿ ಕೆಲಸ ಮಾಡುವ ನಮ್ಮ ಹುಡುಗರು ಅಲ್ಲಿಯೇ ಹೆಸರು ಬರೆಸಲಿ. ನಮ್ಮೂರಲ್ಲಿ ಒಬ್ಬಾಕೆ ಇದ್ದಾರೆ, ಹೆಸರು ಹೇಳುವುದಿಲ್ಲ. ತಮ್ಮ ಕಾಯಿಲೆ ಬಾವಿಕಟ್ಟೆಯ ಮಾತಾಗಬಾರದೆಂದು ದೂರದ ವೈದ್ಯರನ್ನೇ ಇಟ್ಟುಕೊಂಡಿದ್ದಾರೆ. ಅದು ಅವರ ಹಕ್ಕು. ಆದರೆ ದೂರ ಹೋಗಲು ಯಾವ ಕಾರಣವನ್ನೂ ಕೇಳದ ಕಚೇರಿ, ಹತ್ತಿರ ಬರಲು ಮಾತ್ರ ಒಬ್ಬ ಅಪರಾಧಿಯನ್ನು ಕೇಳುತ್ತಿದೆ. ಅಪರಾಧಿ ಬೇಕೇ ಬೇಕಿದ್ದರೆ ನಾನಿದ್ದೇನೆ. ಇನ್ನೂರ ಹದಿನಾಲ್ಕು ನಮೂನೆಗಳಲ್ಲೂ "ತುರ್ಗುನ್‌ಬಾಯ್ ಬೈದು ಸಹಿ ಹಾಕಿಸಿದ" ಎಂದು ಬರೆಯಿರಿ. ಅದು ಸತ್ಯ, ಸಾಕ್ಷಿಗಳೂ ಇನ್ನೂರ ಹದಿಮೂರು ಇದ್ದಾರೆ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ನಮೂನೆ ಒಂಬತ್ತಕ್ಕೆ "ದೂರ" ಎಂಬ ಒಂದು ಸಾಲು ಸೇರಿಸಿ, ಹದಿನೈದನೇ ತಾರೀಕಿನೊಳಗೆ ನಮ್ಮನ್ನು ಡಾ. ಅನಾರ್‌ಕುಲ್ ಅವರ ಪಟ್ಟಿಗೆ ಸೇರಿಸಬೇಕೆಂದೂ, ಅವರ ಹುದ್ದೆಯನ್ನು ಉಳಿಸಬೇಕೆಂದೂ ಕೋರುತ್ತೇನೆ. ಸಾಲು ಸೇರಿಸಲು ಕಾಗದದಲ್ಲಿ ಜಾಗ ಇದೆ, ಅಳೆದು ನೋಡಿದ್ದೇನೆ.

ಹದಿನೈದರವರೆಗೆ ಮಾತ್ರ ತಮ್ಮ ವಿಶ್ವಾಸಿಯಾದ,
ತುರ್ಗುನ್‌ಬಾಯ್ ಎಸೆನಾಲಿಯೆವ್

ಅಡಕಗಳು:
1. ಇನ್ನೂರ ಹದಿನೈದು ಸಹಿಗಳು (ಕಾಸಿಮಾಲಿ ಅಣ್ಣನದು ಕೊನೆಯಲ್ಲಿ, ಚಿಕ್ಕದಾಗಿ).
2. ಎಚ್ಚರಿಕೆ ಪತ್ರಗಳ ಪ್ರತಿ, ಎರಡು.
3. ಹಲ್ಲುನೋವಿಗೆ ಬಂದ ಹೃದಯದ ಮಾತ್ರೆಗಳು, ಬಳಸದವು, ಮೂರು ಪೊಟ್ಟಣ.

ವಿಶೇಷ ಸೂಚನೆ: ತಮ್ಮ ತೀರ್ಮಾನ ಬರುವವರೆಗೆ, ಡಾ. ಅನಾರ್‌ಕುಲ್ ಅವರು ಪ್ರತಿ ಶುಕ್ರವಾರ ನಮ್ಮ ಮನೆಗೆ ಊಟಕ್ಕೆ ಬರಲು ಅನುಮತಿ ನೀಡಬೇಕು. ಅವರು ಎಲ್ಲಿಗೆ ಹೋದರೂ ಕುತ್ತಿಗೆಯಲ್ಲಿ ಸ್ಟೆತಸ್ಕೋಪ್ ಇರುತ್ತದೆ, ಅದು ಅವರ ಅಭ್ಯಾಸ. ಬುರುಲ್ ಅವರ ಪಕ್ಕದಲ್ಲೇ ಕೂರುತ್ತಾಳೆ. ನಮ್ಮ ಮನೆಯಲ್ಲಿ ಅತಿಥಿ ಏನು ಕೇಳಿಸಿಕೊಂಡರೆಂದು ಯಾರೂ ವಿಚಾರಿಸುವುದಿಲ್ಲ. ಕಚೇರಿಯೂ ವಿಚಾರಿಸಬಾರದೆಂದು ಪ್ರಾರ್ಥನೆ.