ವೈಪರ್ ಎದ್ದು ನಿಂತಾಗ

ಮಳೆ ಶುರುವಾದ ಮೇಲೆಯೇ ನಮ್ಮ ಹುಬ್ಬಳ್ಳಿ-ಧಾರವಾಡದ ಜನಕ್ಕೆ ಕಾರಿಗೆ ವೈಪರ್ ಇದೆಯೆಂಬುದು ನೆನಪಾಗುತ್ತದೆ. ಹೀಗಾಗಿ ಕೇಶ್ವಾಪುರದಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ನನಗೆ ವರ್ಷಕ್ಕೆ ಒಂದೆರಡಾದರೂ ತಮಾಷೆ ತಪ್ಪುತ್ತಿರಲಿಲ್ಲ. ಜಿಟಿಜಿಟಿ ಮಳೆ ನೋಡುತ್ತ ಕುಳಿತರೆ ಈಗಲೂ ಅವು ಒಂದೊಂದಾಗಿ ಕಣ್ಣ ಮುಂದೆ ತೇಲಿ ಬರುತ್ತವೆ.

ಶಾವಿಗೆ

ತೊಂಬತ್ತರ ದಶಕದ ಮಾತು. ಧಾರವಾಡದ ಪ್ರೊಫೆಸರರೊಬ್ಬರು ಬೇಸಿಗೆಯಲ್ಲಿ ರಬ್ಬರು ಕಾದ ಗಾಜಿಗೆ ಅಂಟೀತೆಂದು ದಿನಾ ಎರಡೂ ವೈಪರುಗಳನ್ನು ಎತ್ತಿ ನಿಲ್ಲಿಸುತ್ತಿದ್ದರು. ರಬ್ಬರು ಬದಲಿಸಲು ಅವರ ಮನೆಗೆ ಹೋದರೆ ಕಾರಿನ ಗಾಜೇ ಕಾಣಿಸುತ್ತಿಲ್ಲ. ಎತ್ತಿದ ವೈಪರುಗಳ ಮೇಲೆ ಅಡ್ಡ ಕೋಲಿಟ್ಟು ಅವರ ಮನೆಯವರು ಶಾವಿಗೆ ಒಣಹಾಕಿದ್ದರು. ಬಿಳಿ ಎಳೆಗಳು ಗಾಳಿಗೆ ಮೆಲ್ಲಗೆ ತೂಗುತ್ತಿದ್ದವು. ನೋಡುತ್ತ ನಿಂತರೆ ಜೊಂಪು ಹತ್ತಬೇಕು, ಹಾಗಿತ್ತು.

"ಅಕ್ಕಾರ, ರಬ್ಬರ್ ಹಾಕಬೇಕಾಗಿತ್ರಿ."

"ಶಾವಗಿ ಒಣಗಲಿ, ತಡೀರಿ. ಅಲ್ಲೀತನಕ ಗಾಡಿ ಮುಟ್ಟಬ್ಯಾಡ್ರಿ."

ತಿರುಗಿ ನೋಡಿದರೆ ಪ್ರೊಫೆಸರರು ಬಿಸಿಲಿಗೆ ಛತ್ರಿ ಹಿಡಿದು ಗೇಟಿನ ಹತ್ತಿರ ನಿಂತಿದ್ದರು. "ನನಗೂ ಹಂಗ ಹೇಳ್ಯಾರ್ರಿ," ಎಂದರು. "ನಾಲ್ಕು ದಿನ ಆತು, ಬಸ್ಸಿನ್ಯಾಗ ಅಡ್ಡಾಡಾಕತ್ತೇನಿ."

ಶಾಣ್ಯಾರು

ಎರಡು ಸಾವಿರದ ಇಸವಿಯ ಈಚೆಗೆ ಬಂದ ಕೆಲವು ಕಾರುಗಳಲ್ಲಿ ವೈಪರು ಬಾನೆಟ್ಟಿನ ಅಂಚಿನೊಳಗೆ ಅಡಗಿರುತ್ತದೆ. ಅರಳೆ ವ್ಯಾಪಾರಿಯೊಬ್ಬರು ಅಂಥ ಹೊಸ ಕಾರು ತಂದರು. ಗಾಜು ಒರೆಸಲೆಂದು ನಾನು ವೈಪರ್ ಎತ್ತಹೋದೆ, ಬಾನೆಟ್ಟಿಗೆ ತಾಗಿತು. ಹದಿನೈದು ವರ್ಷ ಕಾರು ಬಿಚ್ಚಿದವನಿಗೆ ಒಂದು ವೈಪರ್ ಎತ್ತಲು ಬರಲಿಲ್ಲ ಎಂದು ಸುದ್ದಿಯಾದರೆ ಗ್ಯಾರೇಜಿಗೆ ಯಾರು ಬರುತ್ತಾರೆ? ಅರ್ಧ ತಾಸು ನಾವಿಬ್ಬರೂ ಆ ಕಡೆ ಈ ಕಡೆ ಬಗ್ಗಿ ನೋಡಿದೆವು, ಚರ್ಚೆ ಮಾಡಿದೆವು.

ಹಿಂದಿನ ಸೀಟಿನಲ್ಲಿ ಒರಗಿದ್ದ ಅವರ ತಾಯಿ, ಕಣ್ಣು ತೆರೆಯದೆಯೇ, "ಚಾವಿ ಬಂದ್ ಮಾಡಿ, ಲಗೂನ ಸ್ಟೇರಿಂಗ್ ಬಾಜೂಕಿನ ವೈಪರಿನ ಕಡ್ಡಿ ಕೆಳಗ ಒತ್ರಿ," ಎಂದರು. ಒತ್ತಿದೆ. ಎರಡೂ ವೈಪರುಗಳು ನಿದ್ದೆಯಿಂದೆದ್ದಂತೆ ಮೇಲೆ ಬಂದು ನೆಟ್ಟಗೆ ನಿಂತವು.

"ನಿನಗ ಹೆಂಗ ಗೊತ್ತವ್ವಾ?" ಎಂದರು ಮಗ.

"ಗಾಡಿ ಕೊಡೂ ಮುಂದ ಶೋರೂಮಿನವ ತೋರಿಸಿದ್ನಲ್ಲೋ."

"ಮತ್ತ ಇಷ್ಟೊತ್ತು ಯಾಕ ಹೇಳಲಿಲ್ಲ?"

"ಇಬ್ಬರು ಶಾಣ್ಯಾರು ಮಾತಾಡಾಕತ್ತಿದ್ರಿ. ನಡುವ ನಾ ಯಾಕ ಬಾಯಿ ಹಾಕ್ಲಿ ಅಂತ ಸುಮ್ನಿದ್ದೆ."

ಹೂಮಳೆ

ಹಳೇ ಹುಬ್ಬಳ್ಳಿಯ ಒಂದು ಮದುವೆ. ಮದುಮಕ್ಕಳ ಕಾರಿಗೆ ಹೊಸ ರಬ್ಬರು ಹಾಕಿ, ಗಾಜು ಒರೆಸಲೆಂದು ವೈಪರುಗಳನ್ನು ನೆಟ್ಟಗೆ ನಿಲ್ಲಿಸಿದ್ದೆ. ಅಷ್ಟರಲ್ಲಿ ಊಟಕ್ಕೆ ಕರೆದರು, ಹೋದೆ. ಬರುವಷ್ಟರಲ್ಲಿ ಹೂವಿನವನು ಅವೆರಡೂ ತನಗಾಗಿಯೇ ನಿಲ್ಲಿಸಿದ ಕಂಬಗಳೆಂದು ತಿಳಿದು ದಪ್ಪ ಸೇವಂತಿಗೆ ಮಾಲೆ ಸುತ್ತಿ ಕಟ್ಟಿದ್ದ. ಬಿಚ್ಚೋಣವೆಂದರೆ ಆಗಲೇ ಮಗಳನ್ನು ಕಳಿಸಿಕೊಡುವ ಹೊತ್ತು. ತಾಯಿ ಮಗಳು ಅಪ್ಪಿಕೊಂಡು ಅಳುತ್ತಿದ್ದಾರೆ. ಅಂಥಲ್ಲಿ ವೈಪರಿನ ಮಾತು ಹೇಗೆ ಎತ್ತಲಿ?

ಮದುಮಕ್ಕಳು ಕಾರಿನಲ್ಲಿ ಕುಳಿತರು. ಬಿಸಿಲಿನಲ್ಲೇ ಸಣ್ಣ ಮಳೆ ಇಳಿಯಿತು. ಡ್ರೈವರ್ ಗಾಡಿ ಚಾಲೂ ಮಾಡಿ ವೈಪರ್ ಹಾಕಿದ. ಮಾಲೆಯ ದಾರ ಹರಿಯಿತು. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ವೈಪರುಗಳು ಹಳದಿ ಸೇವಂತಿಗೆ ಎರಚತೊಡಗಿದವು. ಬೀಗರ ಪೇಟದ ಮೇಲೆ ಹೂ, ತಾಯಿಯ ತಲೆಯ ಮೇಲೆ ಹೂ, ಹನಿಯೊಂದಿಗೆ ಹೂ. ಅಳುತ್ತಿದ್ದವರೆಲ್ಲ ಕನಸು ಕಂಡವರಂತೆ ನಿಂತುಬಿಟ್ಟರು. ಒಳಗಿಂದ ಮದುಮಗಳು ಕಣ್ಣೊರೆಸಿಕೊಂಡು ಕಿಲಕಿಲ ನಕ್ಕಳು. ಅದನ್ನು ನೋಡಿ ತಾಯಿಯೂ ನಕ್ಕರು.

ಬೈಸಿಕೊಳ್ಳಲು ಸಿದ್ಧನಾಗಿ ನಾನು ತಲೆ ತಗ್ಗಿಸಿ ನಿಂತಿದ್ದೆ. ಗಂಡಿನ ಕಡೆಯ ಹಿರಿಯರೊಬ್ಬರು ಭುಜದ ಮೇಲಿನ ಹೂ ತೆಗೆಯುತ್ತ ನನ್ನ ಹತ್ತಿರ ಬಂದು, ಮೆಲ್ಲಗೆ ಕೇಳಿದರು:

"ಕಂಪನಿಯವ್ರು ಭಾಳ ಛಲೋ ಮಾಡ್ಯಾರ್ರಿ. ಇದು ಎಲ್ಲಾ ಗಾಡಿಗೂ ಇರತೈತೋ, ದೊಡ್ಡ ಮಾಡೆಲ್ಲಿಗೆ ಅಷ್ಟ ಬರತೈತೋ?"